ಕಿಲ್ವಿಷ್‌ಗೂ ತಟ್ಟಿದ ಕಮಲಾಪುರದ ಬಿಸಿಲು

ಕಲಬುರಗಿಗೆ ದೂರದರ್ಶನ ಬಂದದ್ದು 1977ರಲ್ಲಿ, ಬೆಂಗಳೂರಿಗಿಂತ ಮೊದಲು. ಹಾಗಾಗಿ ಟಿ.ವಿ. ನೋಡಿ ಹೆದರುವುದರಲ್ಲಿ ನಾವು ರಾಜಧಾನಿಗಿಂತ ಸೀನಿಯರ್.

1985ರ ‘ವಿಕ್ರಮ್ ಔರ್ ಬೇತಾಳ್’ ಧಾರಾವಾಹಿಯಲ್ಲಿ ನಟ ಸಜ್ಜನ್ ಬೇತಾಳನಾಗಿ ಬಿಳಿಕೂದಲು ಕೆದರಿಕೊಂಡು ರಾಜನ ಬೆನ್ನೇರಿ ಗಹಗಹಿಸುತ್ತಿದ್ದರು. ಬೇತಾಳನ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಹೋಳು. ಹೇಳಿದರೆ ಬೇತಾಳ ಹೊಕ್ಕ ಹೆಣ ಮರಕ್ಕೆ ವಾಪಸ್! ನಮ್ಮ ಗಣಿತದ ಮಾಸ್ತರರೂ ಇಂಥವರೇ. ಆದರೆ ಅವರು ಬೆನ್ನೇರುತ್ತಿರಲಿಲ್ಲ, ಬೆನ್ನಿಗೆ ಗುದ್ದುತ್ತಿದ್ದರು.

ಆಮೇಲೆ 1997ರಲ್ಲಿ ಸೂಪರ್‌ಹೀರೋ ಧಾರಾವಾಹಿ ‘ಶಕ್ತಿಮಾನ್’ ಬಂತು. ಅದರಲ್ಲಿ ಪ್ರಯೋಗಾಲಯದ ಹುಚ್ಚ ಡಾಕ್ಟರ್ ಜಾಕಾಲ್, ಕತ್ತಲೆಯ ದೊರೆ ಕಿಲ್ವಿಷ್. ಓಣಿಯ ಉರ್ದು ಬಲ್ಲ ಗೆಳೆಯ ಅದರ ಹಿಂದಿ ಮಾತನ್ನು ತರ್ಜುಮೆ ಮಾಡುವಾಗ ರಕ್ತವನ್ನು ಒಂದಿಷ್ಟು ಜಾಸ್ತಿಯೇ ಹರಿಸುತ್ತಿದ್ದ. ಕಿಲ್ವಿಷ್ ಜಗತ್ತಿಗೆ ಕತ್ತಲು ಕವಿಸುತ್ತೇನೆಂದು ಗುಡುಗುವ ಹೊತ್ತಿಗೇ ಕರೆಂಟು ಹೋಗಬೇಕೇ! ನಮ್ಮಲ್ಲಿ ಚಿಕ್ಕವನು ಚೀರಿದ: “ಯವ್ವಾ, ಅಂವಾ ಗೆದ್ದಾ!” ಗೆದ್ದದ್ದು ಪರದೆಯ ಮೇಲೆ ಮಾತ್ರ. ಹೊರಗೆ ಭಾನುವಾರದ ನಡುಮಧ್ಯಾಹ್ನ, ಸುಡುಸುಡು ಬಿಸಿಲು. ಕಲಬುರಗಿ ಜಿಲ್ಲೆಯ ನಮ್ಮ ಕಮಲಾಪುರಕ್ಕೆ ಬಂದರೆ ಕಿಲ್ವಿಷ್ ಕೂಡ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡೇ ಓಡಾಡಬೇಕು.

ನಿಜವಾದ ಪರೀಕ್ಷೆ ರಾತ್ರಿ, ಹಿತ್ತಲಿಗೆ ಹೋಗುವಾಗ. ‘ನೀ ಮುಂದ ನಡಿ’, ‘ನೀನೇ ನಡಿ’ ಎಂಬ ಜಗಳ ಕೇಳಿ ಅಜ್ಜಿ ಹಾಸಿಗೆಯಿಂದಲೇ ಕೂಗಿದಳು:

“ನಿಮ್ಮ ಶಕ್ತಿಮಾನಗ ಕರೀರಲೇ. ಬರೂಮುಂದ ನನಗ ಎರಡು ಕೆಂಪು ಬಾಳಿಹಣ್ಣು ತರಾಕ ಹೇಳ್ರಿ!”