ಎಮ್ಮೆಯ ಮೂಲದೇಶ ಯಾವುದು?

ಉಳವಿ ಸೀಮೆಯಲ್ಲಿ ಮನೆ ಮಾಡಿ, ನಾಲ್ಕು ಪ್ರಾಣಿ-ಪಕ್ಷಿ ಸಾಕಿಕೊಂಡು ತಣ್ಣಗೆ ಇದ್ದುಬಿಡೋಣ ಎಂದುಕೊಂಡವರಿಗೆ ನನ್ನದೊಂದು ಬಿಟ್ಟಿ ಸಲಹೆ ಇದೆ. ಪ್ರಾಣಿ ಹಾಯುತ್ತದೆಯೇ, ಕಚ್ಚುತ್ತದೆಯೇ, ಹಾಲು ಎಷ್ಟು ಕೊಡುತ್ತದೆ ಎಂದೆಲ್ಲ ವಿಚಾರಿಸುತ್ತ ಕೂರಬೇಡಿ. ಅದು ಎಷ್ಟು ದೂರದಲ್ಲಿ ಹುಟ್ಟಿದ್ದು ಎಂದಷ್ಟೇ ಕೇಳಿ. ದಕ್ಷಿಣ ಅಮೆರಿಕದ್ದಾದರೆ ಧೈರ್ಯವಾಗಿ ತನ್ನಿ. ಆಫ್ರಿಕಾದ್ದಾದರೂ ಅಡ್ಡಿಯಿಲ್ಲ. ಜೊಯಿಡಾ ತಾಲ್ಲೂಕಿನದೇ ಆಗಿದ್ದರೆ ಮಾತ್ರ ಮೊದಲು ಒಬ್ಬ ವಕೀಲರನ್ನು ಕಂಡು ಬನ್ನಿ.

ಗಿಣಿಯಿಂದಲೇ ಶುರು ಮಾಡೋಣ. ಕೊರಳಿಗೆ ಗುಲಾಬಿ ಪಟ್ಟಿ ಕಟ್ಟಿಕೊಂಡು, ನಿಮ್ಮ ಪೇರಲ ಗಿಡದಲ್ಲಿ ಅರ್ಧ ತಿಂದು ಅರ್ಧ ಬೀಳಿಸಿ ಹೋಗುವ ನಮ್ಮ ಹಸಿರು ಗಿಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಕಾಡುಹಕ್ಕಿ. ಅದನ್ನು ಪಂಜರದಲ್ಲಿಟ್ಟರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅದೃಷ್ಟ ಕೆಟ್ಟರೆ ಎರಡೂ. ಜಾತ್ರೆಯಲ್ಲಿ ಕವಡೆ ಹಾಸಿ, ಗಿಣಿಯಿಂದ ಕಾರ್ಡು ತೆಗೆಸಿ ಊರವರ ಭವಿಷ್ಯ ಹೇಳುವಾತ ತನ್ನ ಕಾರ್ಡನ್ನು ಒಮ್ಮೆಯೂ ತೆಗೆಸಿ ನೋಡಿರಲಿಕ್ಕಿಲ್ಲ. ಗಿಣಿಯನ್ನು ಕೂಡಿಹಾಕುವುದು ನನಗೂ ಹಿಡಿಸದು. ಕಾಯ್ದೆ ಅಲ್ಲಿಗೇ ನಿಂತಿದ್ದರೆ ನಾನು ಈ ಅಂಕಣದಲ್ಲಿ ಬೇರೇನಾದರೂ ಬರೆಯುತ್ತಿದ್ದೆ.

ಆದರೆ ಅಮೆಜಾನ್ ಕಾಡಿನ ಮಕಾವ್ ಗಿಣಿಯೂ ಗಿಣಿಯೇ. ಕೊಕ್ಕು ಇನ್ನೂ ದೊಡ್ಡದು, ಕೂಗು ಇನ್ನೂ ಜೋರು. ಅದಕ್ಕೆ ಬೇರೆಯೇ ಮರ್ಯಾದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿದೇಶಿ ಪ್ರಾಣಿ ಸಾಕಿದವರನ್ನೆಲ್ಲ ಕರೆದು, ಆರು ತಿಂಗಳೊಳಗೆ ನೀವಾಗಿಯೇ ಹೇಳಿಬಿಡಿ, ಎಲ್ಲಿಂದ ತಂದಿರಿ ಎಂಬ ಕಾಗದ-ಪತ್ರ ಕೇಳುವುದಿಲ್ಲ ಎಂದಿತು. 2024ರ ಫೆಬ್ರುವರಿಯಲ್ಲಿ ಅದಕ್ಕೆ ನಿಯಮಾವಳಿಯೇ ಬಂತು. ಪರಿವೇಶ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ. ಮರಿ ಹುಟ್ಟಿದರೆ ತಿಳಿಸಿ, ಸತ್ತರೆ ತಿಳಿಸಿ, ಕೈ ಬದಲಾದರೆ ತಿಳಿಸಿ. ಹೆಬ್ಬಾವಿನ ವಿಷಯವೂ ಹೀಗೇ. ಆಫ್ರಿಕಾದ ಬಾಲ್ ಪೈಥಾನ್ ಬೆಂಗಳೂರಿನ ಫ್ಲ್ಯಾಟಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ನೋಂದಾಯಿತ ನಾಗರಿಕನಂತೆ ಬದುಕಬಹುದು. ಗುಂದದ ಕಡೆಯ ಹೆಬ್ಬಾವು ನಿಮ್ಮ ಕೋಳಿಗೂಡಿಗೆ ತಾನಾಗಿ ಬಂದು, ಕೋಳಿ ನುಂಗಿ, ಹೊಟ್ಟೆ ಭಾರವಾಗಿ ಅಲ್ಲೇ ಮಲಗಿದರೆ ನೀವು ಕೈ ಕಟ್ಟಿ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಬೇಕು. ಕೋಳಿ ನಿಮ್ಮದು, ಗೂಡು ನಿಮ್ಮದು, ಅತಿಥಿ ಮೊದಲನೇ ಅನುಸೂಚಿಯದು.

ಹಾಗೆಂದು ಮೊದಲನೇ ಅನುಸೂಚಿಯ ಪ್ರಾಣಿ ಯಾರಿಗೂ ದಕ್ಕುವುದಿಲ್ಲ ಎಂದುಕೊಳ್ಳಬೇಡಿ. ಆನೆ ಇದೆ. ಮಾಲೀಕತ್ವದ ಪ್ರಮಾಣಪತ್ರ ಇದ್ದವರು 'ಧಾರ್ಮಿಕ ಅಥವಾ ಇತರ ಯಾವುದೇ ಉದ್ದೇಶಕ್ಕೆ' ಅದನ್ನು ಸಾಗಿಸಬಹುದು, ವರ್ಗಾಯಿಸಬಹುದು ಎಂದು 2022ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಆ 'ಇತರ' ಎಷ್ಟು ಅಗಲವಾಗಿದೆಯೆಂದರೆ ಅದರೊಳಗೆ ಆನೆ ಸರಾಗ ನುಗ್ಗುತ್ತದೆ, ಗಿಣಿ ಮಾತ್ರ ನುಗ್ಗುವುದಿಲ್ಲ.

ಕಾಡುಪ್ರಾಣಿ ಯಾರ ಸೊತ್ತು ಎಂಬ ಬಗ್ಗೆಯೂ ಕಾಯ್ದೆಗೆ ಒಂದು ಖಚಿತ ನಿಲುವಿದೆ, 39ನೇ ಕಲಂ ಓದಿ ನೋಡಿ. ಸತ್ತು ಬಿದ್ದಿರುವುದು ಕಂಡರೆ ಅದು ಸರ್ಕಾರದ ಆಸ್ತಿ. ಅಂದರೆ ಕುಣಬಿಯೊಬ್ಬ ವರ್ಷವಿಡೀ ಮಣ್ಣು ಏರಿಸಿ ಬೆಳೆದ ಗಡ್ಡೆ-ಗೆಣಸಿನ ಹೊಲವನ್ನು ಕಾಡುಹಂದಿ ರಾತ್ರಿಯೆಲ್ಲ ಉತ್ತು ಹಾಕುವಾಗ ಅದಕ್ಕೆ ವಾರಸುದಾರರು ಇರುವುದಿಲ್ಲ. ಬೆಳಗ್ಗೆ ಅದೇ ಹಂದಿ ಬದುವಿನ ಮೇಲೆ ಕಾಲು ಚಾಚಿದ್ದರೆ ಮಾಲೀಕರು ಜೀಪಿನಲ್ಲಿ ಬರುತ್ತಾರೆ.

ನಾಯಿಯ ಕಥೆ ಸ್ವಲ್ಪ ನಗರದ್ದು. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಎಂದು ಉಪವಿಧಿ ಮಾಡಿತು. ಬೆಂಗಳೂರು ಬೊಗಳಿತು, ಉಪವಿಧಿ ಬಾಲ ಮುದುರಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ತಳಿಗಳನ್ನು 'ಉಗ್ರ' ಎಂದು ಪಟ್ಟಿ ಮಾಡಿ ಸುತ್ತೋಲೆ ಕಳಿಸಿತು. ಒಂದು ತಿಂಗಳು ತುಂಬುವ ಮೊದಲೇ, ಏಪ್ರಿಲ್ 10ಕ್ಕೆ, ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆ ನಿಷೇಧಿಸಿದಿರಿ ಎಂಬುದು ಮುಖ್ಯ ಆಕ್ಷೇಪ. ತೀರ್ಪು ಸರಿಯಾದದ್ದೇ. ಉಳವಿಯಲ್ಲಿ ಆ ಪಟ್ಟಿಯ ರಾಟ್‌ವೀಲರ್ ಇದ್ದರೂ ಚಿರತೆಗೆ ಅದು ತಳಿಯಾಗಿ ಕಾಣುವುದಿಲ್ಲ, ಊಟವಾಗಿ ಕಾಣುತ್ತದೆ. ಆದರೆ 'ಸಂಬಂಧಪಟ್ಟವರನ್ನು ಕೇಳಬೇಕು' ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ಎಮ್ಮೆ ಬರುತ್ತಿದೆ.

ಈ ಸೀಮೆಯ ಎಮ್ಮೆ ಎಂದರೆ ಗೌಳಿಗಳ ಎಮ್ಮೆ. ಹಳಿಯಾಳ, ಮುಂಡಗೋಡ, ಜೊಯಿಡಾ ಕಾಡಂಚುಗಳಲ್ಲಿ ಗೌಳಿವಾಡಗಳಿವೆ. ದನಗರ ಗೌಳಿಗಳು ಮಹಾರಾಷ್ಟ್ರದ ಕಡೆಯಿಂದ ಎಮ್ಮೆಗಳ ಹಿಂದೆ ನಡೆದು ಬಂದವರು. ಅವರ ಎಮ್ಮೆ ಬೆಳಗ್ಗೆ ಕಾಡಿಗೆ ಹೋಗಿ, ಸಂಜೆ ತಾನೇ ದಾರಿ ಹಿಡಿದು ಹಟ್ಟಿಗೆ ಬಂದು ಹಾಲು ಕೊಡುತ್ತದೆ. ಮಧ್ಯದಲ್ಲಿ ಅದು ಎಲ್ಲಿರುತ್ತದೆ ಎಂಬುದೇ ಈಗಿನ ಪ್ರಶ್ನೆ. ಏಕೆಂದರೆ ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಅಣಶಿ-ದಾಂಡೇಲಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಆಮೇಲೆ ಅದಕ್ಕೆ ಕಾಳಿ ನದಿಯ ಹೆಸರೂ ಬಂತು. ಇಷ್ಟೆಲ್ಲ ಆಗುವಾಗ ಎಮ್ಮೆ ಮಾತ್ರ ಹಳೆಯ ದಾರಿಯಲ್ಲೇ ನಡೆಯುತ್ತಿತ್ತು. ಅದು ಅತಿಕ್ರಮಣಕಾರಿಯಾದದ್ದು ಒಂದು ಹೆಜ್ಜೆಯನ್ನೂ ಹೊಸದಾಗಿ ಇಡದೆ.

ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಎನ್ನುತ್ತೀರಿ. ಇದೆ, 2006ರದು. ಮೇಯಿಸುವ ಹಕ್ಕನ್ನು ಅದು ಹೆಸರೆತ್ತಿ ಒಪ್ಪಿಕೊಂಡಿದೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡನ್ನೇ ನಂಬಿ ಬದುಕಿದ್ದಕ್ಕೆ ಪುರಾವೆ ತಂದರೆ ಸಾಕು. ಗೌಳಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಬೇಕೆಂದು ಕೇಳುತ್ತಲೇ ಇದ್ದಾರೆ. ಪಟ್ಟಿ ಸೇರದ ಹೊರತು ಅವರೂ ಪುರಾವೆ ಹುಡುಕಬೇಕು. ಎಲ್ಲಿ ಹುಲ್ಲಿದೆಯೋ ಅಲ್ಲಿಗೆ ನಡೆದ ಅಜ್ಜ ದಫ್ತರ ಹೊತ್ತುಕೊಂಡು ನಡೆದಿರಲಿಲ್ಲ. ಎಮ್ಮೆಯ ಹತ್ತಿರವಾದರೂ ಈಗ ದಾಖಲೆ ಇದೆ. ಕಿವಿಯಲ್ಲಿ ಹಳದಿ ಬಿಲ್ಲೆ, ಅದರಲ್ಲಿ 12 ಅಂಕಿಯ ನಂಬರು, ನಮ್ಮ ಆಧಾರ್‌ನಷ್ಟೇ ಉದ್ದ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಸತ್ತವು. ಹುಲಿ ಕೊಂದ ಹಸುವಿನ ಮೇಲೆ ಯಾರೋ ವಿಷ ಸವರಿದ್ದರು. ಹೇಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮರು ತಿಂಗಳು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ರಾಜ್ಯದ ಕಾಡುಗಳಲ್ಲಿ ಜಾನುವಾರು ಮೇಯಿಸುವುದನ್ನೇ ನಿಷೇಧಿಸಲು ಸೂಚನೆ ಕೊಟ್ಟರು. ರೈತರು ಎದ್ದು ನಿಂತರು. ನಿಷೇಧ ಪಕ್ಕದ ರಾಜ್ಯದಿಂದ ಬರುವ ದನಗಳಿಗೆ ಎಂದು ಸಚಿವರು ಸಮಜಾಯಿಷಿ ನೀಡಿದರು. ತಮಿಳುನಾಡಿನ ಹಸುವನ್ನು ಗುರುತು ಹಿಡಿಯುವುದು ಹೇಗೆ ಎಂದು ಜೊಯಿಡಾದ ಯಾವ ಗಾರ್ಡಿಗಾದರೂ ಚಿಂತೆಯಾಗಿದ್ದರೆ ತಪ್ಪಿಲ್ಲ. ಇಲ್ಲಿನ ಗಡಿ ಗೋವಾದ್ದು, ಇಲ್ಲಿನ ಎಮ್ಮೆಗೆ ತಿಳಿಯುವುದು ಮರಾಠಿ.

ಹೋಗಲಿ, ಮೇಯಿಸಲು ಆಗದಿದ್ದರೆ ಎಮ್ಮೆಯನ್ನು ಬಿಟ್ಟುಬಿಡೋಣ ಎಂದರೆ ಎದುರಿನಿಂದ ಇನ್ನೊಂದು ಕಾಯ್ದೆ ಬರುತ್ತದೆ. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆಯ ಪ್ರಕಾರ ಹಸು, ಹೋರಿ, ಎತ್ತುಗಳನ್ನು ಎಷ್ಟೇ ಮುದಿಯಾದರೂ ಕಸಾಯಿಖಾನೆಗೆ ಕಳಿಸುವಂತಿಲ್ಲ. ಎಮ್ಮೆ-ಕೋಣಕ್ಕಾದರೆ 13 ವರ್ಷ ತುಂಬಬೇಕು. ತಪ್ಪಿದರೆ ಮೂರರಿಂದ ಏಳು ವರ್ಷ ಸೆರೆ. ಹೀಗಾಗಿ ಈ ಸೀಮೆಯ ದನಗಾಹಿಗೆ ರಾಜ್ಯ ಹೇಳುತ್ತಿರುವುದು ಇಷ್ಟು: ಕಾಡಿನಲ್ಲಿ ಮೇಯಿಸಬೇಡ, ಹಟ್ಟಿಯಿಂದ ಕಳಿಸಬೇಡ. ಮಧ್ಯದಲ್ಲಿ ಉಳಿದ ಜಾಗವನ್ನು ಸೂಪಾ ಜಲಾಶಯ ಮೊದಲೇ ನುಂಗಿಕೊಂಡಿದೆ.

ಮೂರನೆಯ ದಾರಿಯೂ ಇದೆ ಎನ್ನಿ. ಸ್ವಯಂಪ್ರೇರಿತ ಪುನರ್ವಸತಿ. ಕಾಡು ಬಿಟ್ಟು ಹೊರಡುವ ಕುಟುಂಬಕ್ಕೆ 15 ಲಕ್ಷ ರೂಪಾಯಿ. 18 ತುಂಬಿದ ಮಗನಿದ್ದರೆ ಅವನದು ಬೇರೆ ಕುಟುಂಬ ಎಂಬಷ್ಟು ಉದಾರ ಲೆಕ್ಕ. ಅದರಲ್ಲಿ ಎಮ್ಮೆಯ ಹುಲ್ಲಿಗೆ ಒಂದು ಅಂಕಣವಿಲ್ಲ. ಪೇಟೆ ಬದಿಯ ಸೈಟಿನಲ್ಲಿ ಮೂವತ್ತು ಎಮ್ಮೆ ಕಟ್ಟಿ ನೋಡಿ, ಅಕ್ಕಪಕ್ಕದವರಿಗೆ ಸಂಬಂಧಪಟ್ಟವರಾಗಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು.

ಇನ್ನು ಎತ್ತು. ಉಳವಿಗೂ ಎತ್ತಿಗೂ ಇರುವ ನಂಟು ಯಾರೂ ಹೇಳಿಕೊಡಬೇಕಾದ್ದಲ್ಲ. ಕಲ್ಯಾಣದಿಂದ ಹೊರಟ ಶರಣರ ಜೊತೆ ಬಂದು ಚನ್ನಬಸವಣ್ಣ ಐಕ್ಯನಾದ ನೆಲ ಇದು. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ, ಹಾವೇರಿ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಘಟ್ಟದ ಕಾಡಿಗೆ ಇಳಿಯುತ್ತವೆ. ಜೂಲ ಹೊದಿಸಿ, ಕೋಡಿಗೆ ಗೊಂಡೆ ಕಟ್ಟಿ, ಕಣಿಕೆ-ಹೊಟ್ಟು ಹೇರಿಕೊಂಡು ಬರುವ ಆ ಎತ್ತುಗಳನ್ನು ನೋಡಿದರೆ ಜಾತ್ರೆ ಅವುಗಳದೇ, ಜನ ಸುಮ್ಮನೆ ಜೊತೆಗೆ ಬಂದಿದ್ದಾರೆ ಎನ್ನಿಸುತ್ತದೆ. ಅಭಯಾರಣ್ಯದೊಳಗೆ ಬರುವ ಜಾನುವಾರಿಗೆ ಲಸಿಕೆ ಆಗಿರಬೇಕು ಎಂಬ ನಿಯಮವಿದೆ, ಒಳ್ಳೆಯ ನಿಯಮ. ಕಾಲುಬಾಯಿ ಬೇನೆ ಕಾಡುಕೋಣಕ್ಕೆ ಹತ್ತಬಾರದು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ದನದ ಸಂತೆ, ಜಾತ್ರೆ, ಸಾಗಾಟ ನಿಲ್ಲಿಸಿದ್ದನ್ನೂ ಒಪ್ಪೋಣ.

ನನ್ನ ಮೆಚ್ಚುಗೆ ಇರುವುದು ವನ್ಯಜೀವಿ ಕಾಯ್ದೆಯ 35ನೇ ಕಲಮಿನ ಮೇಲೆ. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯುವಂತಿಲ್ಲ, ಒಳಗೆ ಕಾಲಿಡುವಂತೆಯೂ ಇಲ್ಲ. ಒಂದೇ ವಿನಾಯಿತಿ: ಪ್ರವೇಶಕ್ಕೆ ಅನುಮತಿ ಪಡೆದ ವ್ಯಕ್ತಿ ಅದನ್ನು ವಾಹನವಾಗಿ ಬಳಸುತ್ತಿದ್ದರೆ ಸರಿ. ಬಸವಣ್ಣನನ್ನು ಶಿವನ ವಾಹನವೆಂದು ನಂಬಿದವರ ನಾಡಿನಲ್ಲಿ ಸಂಸತ್ತು ಇಷ್ಟು ಭಕ್ತಿಯಿಂದ ಬರೆದ ವಾಕ್ಯ ಇನ್ನೊಂದಿರಲಿಕ್ಕಿಲ್ಲ. ದಾರಿ ತಪ್ಪಿ ಅಣಶಿ ಕಡೆ ಹೊರಳಿದ ಒಂದು ಚಕ್ಕಡಿಯನ್ನು ಊಹಿಸಿಕೊಳ್ಳಿ. ಗೇಟಿನಲ್ಲಿ ಗಾರ್ಡು ನಿಂತಿದ್ದಾನೆ.

"ಯಜಮಾನ್ರ, ದನಾ ಹೊಡಕೊಂಡು ಎಲ್ಲಿಗೆ ಹೊಂಟೀರಿ?"

"ದನಾ ಎಲ್ಲೈತ್ರಿ ಸಾಹೇಬ್ರ? ಇದು ಗಾಡಿ."

"ಮುಂದ ಎರಡು ಎತ್ತು ಕಾಣಸ್ತಾವಲ್ಲ?"

"ಅವು ಎಂಜಿನ್ ರೀ. ನಿಮ್ಮ ಕಾಯ್ದೇದಾಗ ಹಂಗ ಬರ್ದಾರಂತ."

"ಎಂಜಿನ್ ಹುಲ್ಲಿಗೆ ಬಾಯಿ ಹಾಕಾಕತ್ತೈತಿ ನೋಡ್ರಿ."

"ದೂರದಿಂದ ಬಂದೈತ್ರಿ, ಎಣ್ಣಿ ಹಾಕ್ಕೊಳ್ಳಾಕತ್ತೈತಿ."

"ಅದಕ್ಕ ಮೇಯೂದು ಅಂತಾರ. ಮೇದ್ರ ಅದು ದನಾ ಆಕ್ಕೈತಿ, ಕೇಸ್ ಹಾಕಬೇಕಾಕ್ಕೈತಿ. ಬಾಯಿಗೆ ಕುಕ್ಕಿ ಕಟ್ರಿ."

"ಮುಂದಿಂದು ಕಟ್ಟತೀನ್ರಿ. ಹಿಂದ ಸಗಣಿ ಹಾಕಿದ್ರ ಏನ್ ಮಾಡೂದ್ರಿ?"

"ಹೊಗಿ ತಪಾಸಣಿ ಸರ್ಟಿಫಿಕೇಟ್ ಐತಿಲ್ಲೋ ನಿಮ್ಮ ಗಾಡೀದು?"

ಅಷ್ಟು ಹೊತ್ತಿಗೆ ಫಣಸೋಲಿಯಲ್ಲಿ ಸಫಾರಿ ಜೀಪುಗಳು ಡೀಸೆಲ್ ಹೊಗೆ ಬಿಡುತ್ತ ಕಾಡಿಗೆ ಹೊರಟಿರುತ್ತವೆ. ಒಳಗೆ ಕೂತವರಿಗೆ ಹುಲಿ ಕಾಣುವುದು ಅಪರೂಪ. ಕಾಡುಕೋಣ ಕಂಡರೆ ಎಮ್ಮೆ ಎಂದು ಮಕ್ಕಳು ಕೂಗುತ್ತವೆ, ಅಪ್ಪ-ಅಮ್ಮ ತಿದ್ದುವುದಿಲ್ಲ, ಫೋಟೊ ತೆಗೆಯುತ್ತಾರೆ.

ಇದಕ್ಕೆಲ್ಲ ಒಂದು ಪರಿಹಾರ ನನಗೆ ಹೊಳೆದಿದೆ, ಗೌಳಿವಾಡದ ಹಿರಿಯರು ಸಿಟ್ಟಾಗದೆ ಕೇಳಬೇಕು. ನಿಮ್ಮ ಎಮ್ಮೆ ದೇಶಿ ಎಂದು ಹೇಳಿಕೊಳ್ಳುವುದನ್ನು ಮೊದಲು ನಿಲ್ಲಿಸಿ. ಪರಿವೇಶ್ ಪೋರ್ಟಲ್‌ಗೆ ಹೋಗಿ. ಮೂಲದೇಶ ಕೇಳಿದರೆ ಬ್ರೆಜಿಲ್ ಎಂದು ಬರೆಯಿರಿ. ಬಣ್ಣ ಕಪ್ಪು, ಕೊಂಬು ಎರಡು, ಉದ್ದೇಶ ಕಾಲಂನಲ್ಲಿ 'ಇತರ'. ಅಡ್ರೆಸ್ ಬೆಂಗಳೂರಿನ ಫ್ಲ್ಯಾಟಿನದಿದ್ದರೆ ಇನ್ನೂ ಒಳ್ಳೆಯದು, ಒಂದಕ್ಕಿಂತ ಹೆಚ್ಚು ತೋರಿಸಬೇಡಿ. ಒಟಿಪಿ ಬರಲು ನೆಟ್‌ವರ್ಕ್ ಬೇಕು, ಜೊಯಿಡಾದಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಗುಡ್ಡ ಕೋರ್ ಏರಿಯಾದಲ್ಲಿದೆ. ಎಮ್ಮೆಯನ್ನು ಕೆಳಗೇ ಕಟ್ಟಿಹಾಕಿ ಹೋಗಿ, ಇಲ್ಲವೇ ಅದರ ಮೇಲೆ ಹತ್ತಿ ಕೂತು ಹೋಗಿ.