ಮೇಘಾವರೋಹಣ ಮೀಮಾಂಸೆ

ಮೇಘಕ್ಕೆ ಏರಿಸುವ ವಿಷಯದಲ್ಲಿ ಪೂರ್ವಸೂರಿಗಳು ಬೇಕಾದಷ್ಟು ಹೇಳಿದ್ದಾರೆ. ಇಳಿಸುವುದರ ಬಗ್ಗೆ ತುಟಿ ಬಿಚ್ಚಿಲ್ಲ. ರಾಮಗಿರಿಯಿಂದ ಅಲಕೆಯವರೆಗೆ ಮೋಡ ಹೋಗಬೇಕಾದ ದಾರಿಯನ್ನು ಬೆಟ್ಟ, ಹೊಳೆ ಬಿಡದೆ ವರ್ಣಿಸಿದ ಕಾಳಿದಾಸನೂ ಅದು ತಿರುಗಿ ಬರುವ ದಾರಿಯ ವಿಷಯದಲ್ಲಿ ಮೌನಿ. ಆ ಕೊರತೆ ತುಂಬಲೆಂದೇ ಪ್ರಸ್ತುತ ಗ್ರಂಥ. ವಿಷಯ, ಫೈಲುಗಳ ಮೇಘಭಂಡಾರವಾದ ಒನ್‌ಡ್ರೈವ್. ಪೂರ್ವಾಶ್ರಮದಲ್ಲಿ ಇದರ ಹೆಸರು ಸ್ಕೈಡ್ರೈವ್. ‘ಸ್ಕೈ’ ತನ್ನದೆಂದು ಬ್ರಿಟನ್ನಿನ ಟೀವಿ ಕಂಪನಿಯೊಂದು ಕೋರ್ಟಿನಲ್ಲಿ ಗೆದ್ದ ಮೇಲೆ 2014ರಲ್ಲಿ ಪುನರ್ನಾಮಕರಣವಾಯಿತು.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಹೊಸ ಲ್ಯಾಪ್‌ಟಾಪ್ ತೆರೆದ ದಿನ, ಕೇಳಿದ್ದಕ್ಕೆಲ್ಲ ‘ನೆಕ್ಸ್ಟ್’ ಒತ್ತಿದವನು. ಆ ಕ್ಷಣದಲ್ಲೇ ಅವನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಸಂಸಾರ ಸಮೇತ ಒನ್‌ಡ್ರೈವ್ ಫೋಲ್ಡರಿನೊಳಕ್ಕೆ ಗುಳೆ ಹೋಗಿರುತ್ತವೆ. ಪುಕ್ಕಟೆ ಸಿಗುವ 5 ಜಿಬಿ ತುಂಬಿ, ದುಡ್ಡು ಕೇಳುವ ಸಂದೇಶ ಬಂದಾಗಲೇ ಅವನಲ್ಲಿ ಜಿಜ್ಞಾಸೆ ಹುಟ್ಟುವುದು.

ಇಲ್ಲಿ ಪೂರ್ವಪಕ್ಷ: ‘ಫೈಲು ಕಣ್ಣೆದುರಿಗೇ ಇದೆಯಲ್ಲ, ಇಳಿಸುವುದೇನು?’ ಉತ್ತರ: ಪ್ರಾಪರ್ಟೀಸ್ ತೆರೆದು ನೋಡು. ಗಾತ್ರ 3 ಎಂಬಿ. ಡಿಸ್ಕಿನ ಮೇಲಿನ ಗಾತ್ರ 0. ಹೆಸರಿದೆ, ರೂಪವಿದೆ, ಫೈಲಿಲ್ಲ. ಪಕ್ಕದ ನೀಲಿ ಮೋಡದ ಗುರುತೇ ಮಾಯೆಯ ಲಕ್ಷಣ. ಬಿಳಿ ವೃತ್ತದೊಳಗಿನ ಹಸಿರು ಟಿಕ್ ವ್ಯಾವಹಾರಿಕ ಸತ್ಯ. ಫೈಲು ಸದ್ಯಕ್ಕೆ ಇಲ್ಲಿದೆ, ಜಾಗ ಸಾಲದಿದ್ದರೆ ಮತ್ತೆ ಮೋಡವಾದೀತು. ತುಂಬಿದ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಕಂಡರಷ್ಟೇ ಪಾರಮಾರ್ಥಿಕ.

ಇನ್ನು ಮತಭೇದ. ಸಾಮಾನ್ಯ ಬಳಕೆದಾರ ಹುಟ್ಟಾ ದ್ವೈತಿ: ಮೇಲೊಂದು ಪ್ರತಿ, ಕೆಳಗೊಂದು ಪ್ರತಿ ಎಂದು ನಂಬಿದವನು. ಒನ್‌ಡ್ರೈವ್ ಶುದ್ಧ ಅದ್ವೈತಿ. ‘ಹೇಗೂ ಮೇಲಿದೆಯಲ್ಲ’ ಎಂದು ಇವನು ಕೆಳಗಿನದನ್ನು ಅಳಿಸಿದರೆ ಮೇಲಿನದೂ ಹೋಗುತ್ತದೆ. ಉಡುಪಿಯವರೂ ಶೃಂಗೇರಿಯವರೂ ಶತಮಾನಗಳಿಂದ ಚರ್ಚಿಸುತ್ತಿರುವುದನ್ನು ಈ ಸಾಫ್ಟ್‌ವೇರ್ ಒಂದು ಡಿಲೀಟ್ ಕೀಲಿಯಲ್ಲಿ ತೀರ್ಮಾನಿಸಿಬಿಟ್ಟಿದೆ. (ವೈಯಕ್ತಿಕ ಖಾತೆಯಾದರೆ ಆನ್‌ಲೈನ್ ಕಸದಬುಟ್ಟಿಯಲ್ಲಿ 30 ದಿನ ಪ್ರೇತಾವಸ್ಥೆಯಲ್ಲಿರುತ್ತದೆ. ಅಷ್ಟರೊಳಗೆ ಕರೆದರೆ ಬರುತ್ತದೆ.)

ಆದ್ದರಿಂದ ಪ್ರಯೋಗವಿಧಿಯಲ್ಲಿ ಕ್ರಮ ತಪ್ಪಬಾರದು. ಮೊದಲು ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬ ಮಂತ್ರವನ್ನು ಆರಿಸಿ, ಹಸಿರು ವೃತ್ತ ತುಂಬುವವರೆಗೆ ಕಾಯಬೇಕು. ಬಿಎಸ್ಸೆನ್ನೆಲ್ ಸಂಪರ್ಕವುಳ್ಳವರು ಇದನ್ನು ಚಾತುರ್ಮಾಸ್ಯವೆಂದು ಭಾವಿಸತಕ್ಕದ್ದು. ಆಮೇಲೆ ಒನ್‌ಡ್ರೈವ್ ಸೆಟ್ಟಿಂಗ್ಸಿನಲ್ಲಿ ಆ ಮೂರು ಫೋಲ್ಡರುಗಳ ಬ್ಯಾಕಪ್ ನಿಲ್ಲಿಸುವುದು. ನಿಲ್ಲಿಸಿದೊಡನೆ ಅನೇಕ ಆವೃತ್ತಿಗಳಲ್ಲಿ ಡೆಸ್ಕ್‌ಟಾಪ್ ಬೋಳಾಗಿ, ‘ನನ್ನ ಫೈಲುಗಳೆಲ್ಲಿ?’ ಎಂಬರ್ಥದ ಒಂದೇ ಒಂದು ಶಾರ್ಟ್‌ಕಟ್ ಉಳಿಯುತ್ತದೆ. ಯಜಮಾನ ಕೂಗಬೇಕಾದ ಪ್ರಶ್ನೆಯನ್ನು ಯಂತ್ರವೇ ಮುಂಚಿತವಾಗಿ ಬರೆದಿಟ್ಟಿರುವುದು ವಿಶ್ವ ಸಾಹಿತ್ಯದಲ್ಲೇ ಅಪೂರ್ವ. ಗಾಬರಿ ಬೇಡ, ಫೈಲುಗಳು ಒನ್‌ಡ್ರೈವ್ ಫೋಲ್ಡರಿನಲ್ಲೇ ಕೂತಿರುತ್ತವೆ. ಅಲ್ಲಿಂದ ‘ಸಿ’ ಡ್ರೈವಿನ ಅಸಲಿ ಡಾಕ್ಯುಮೆಂಟ್ಸಿಗೆ ಕಾಪಿ ಮಾಡಿದರೆ ದ್ವೈತ ಸಿದ್ಧಿ. ಕಟ್ ಮಾಡಿ ತಂದರೆ ಮೇಲಿನದು ಖಾಲಿ. ಮದುವೆ ಫೋಟೋಗಳಿದ್ದವರು ದ್ವೈತಿಗಳಾಗಿರುವುದೇ ಕ್ಷೇಮವೆಂದು ಈ ಲೇಖಕನ ಮತ.

ಗೂಗಲ್ಲಿನ ಮೇಘಕ್ಕೆ ಏರಿದ ಫೋನಿನ ಫೋಟೋಗಳದು ಬೇರೆಯೇ ಸಂಪ್ರದಾಯ. ಅಲ್ಲಿ ಗೂಗಲ್ ಟೇಕ್‌ಔಟ್ ಎಂಬ ಮಹಾದ್ವಾರದಿಂದ ಸರಕೆಲ್ಲ ಜಿಪ್ ಗಂಟುಗಳಾಗಿ ಹೊರಬರುತ್ತದೆ, ಪ್ರತಿ ಚಿತ್ರದ ವಿವರ ಮಾತ್ರ ಜೇಸನ್ ಎಂಬ ಪ್ರತ್ಯೇಕ ಚೀಟಿಯಲ್ಲಿ. ಅದರ ನಿರೂಪಣೆಗೆ ಎರಡನೆಯ ಸಂಪುಟವೇ ಬೇಕು. ವಿಶ್ವವಿದ್ಯಾಲಯಗಳು ಅನುದಾನದ ಮೊತ್ತವನ್ನು ಮುಂಗಡವಾಗಿ ತಿಳಿಸಬಹುದು.