ನಿಮ್ಮ ಅರ್ಜಿ ಭಾಳ ವೇಗ್ ಅದ!

ನಮ್ಮ ಔರಾದದ ಕಾಕಾ ಒಬ್ಬರು ಹೊಲದ ಹದ್ದುಬಸ್ತಿಗೆ ಅರ್ಜಿ ಕೊಟ್ಟರು. ಬಾಜೂ ಹೊಲದವ ಬದು ಒತ್ತಿದ್ದಾನೆ, ಬಂದು ಅಳೆಯಿರಿ, ಕಲ್ಲು ನೆಡಿರಿ. ಇಷ್ಟೇ ಸಂಗತಿ. ಸರ್ವೆ ನಂಬರ್ ಇತ್ತು, ಹೆಬ್ಬೆಟ್ಟೂ ಇತ್ತು. ಒಂದು ಕಚೇರಿಯಲ್ಲಿ ಅದರ ನೆತ್ತಿಯ ಮೇಲೆ ಕೆಂಪು ಪೆನ್ನಿನಿಂದ ಇಂಗ್ಲಿಷಿನ ಒಂದೇ ಒಂದು ಪದ ಗೀಚಿದರು.

“ಏನ್ ಬರದ್ರಿ ಸಾಹೇಬ್ರ?”

“ವೇಗ್.”

ಕಾಕಾ ಹಿರಿಹಿರಿ ಹಿಗ್ಗಿದರು. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ಬಸ್ ಸ್ಟ್ಯಾಂಡಿನಲ್ಲಿ ದಖನಿ ಆಡುವ ಸೀಮೆಯಿದು. ಇಲ್ಲಿ ವೇಗ್ ಅಂದರೆ ಜೋರು, ಸ್ಪೀಡು. ಅವತ್ತು ಹೋಟೆಲಿನಲ್ಲಿ ನಾಲ್ಕು ಮಂದಿಗೆ ಚಹಾ ಕುಡಿಸಿದರು. “ನಮ್ಮ ಅರ್ಜಿ ಭಾಳ ವೇಗ್ ಅದ ಅಂತ ಸಾಹೇಬ್ರೇ ಬರ್ದು ಕೊಟ್ಟಾರ!”

ಸೋಯಾ ರಾಶಿಯಾಗಿ ಕಡ್ಲಿ ಬಿತ್ತಿಗೆ ಬಂದರೂ ಅಳೆಯುವವರು ಬರಲಿಲ್ಲ. ಬದು ಮಾತ್ರ ಇನ್ನೊಂದು ಗೇಣು ಸರಿಯಿತು. ಆ ಪದದ ಅರ್ಥ ‘ಅಸ್ಪಷ್ಟ’ ಎಂದು ಹೇಳುವ ಪಾಪ ನನ್ನ ಪಾಲಿಗೆ ಬಂತು.

ಪದದ ಬೇರು ಅಗೆದರೆ ಕಚೇರಿಯವರದು ತಪ್ಪೆನ್ನಲಾಗದು. ಲ್ಯಾಟಿನ್ನಿನ ‘ವಾಗುಸ್’ ಎಂದರೆ ಅಲೆಮಾರಿ. ಫ್ರೆಂಚ್ ದಾಟಿ ಅದು ಇಂಗ್ಲಿಷಿಗೆ ಬಂತು. ಊರೂರು ತಿರುಗುವ ‘ವ್ಯಾಗಬಾಂಡ್’ ಇದರದೇ ಒಡಹುಟ್ಟು. ಮಿದುಳಿನಿಂದ ಹೊರಟು ಎದೆ ಹಾದು ಹೊಟ್ಟೆಯವರೆಗೆ ತಿರುಗುವ ನರಕ್ಕೂ ವೈದ್ಯರು ವೇಗಸ್ ಎಂದೇ ಹೆಸರಿಟ್ಟಿದ್ದಾರೆ. ಕಾಕಾನ ಅರ್ಜಿಯೂ ಹಾಗೆಯೇ ಮೇಜಿನಿಂದ ಮೇಜಿಗೆ ತಿರುಗಿದೆ. ದಾರಿಯಲ್ಲಿ ಒಂದೆರಡು ಹೊಟ್ಟೆಗಳನ್ನು ಮಾತಾಡಿಸಿ ಬಂದದ್ದೂ ಉಂಟು.

ಇಂಥ ಪದಗಳಿಗೆ ನಮ್ಮಲ್ಲೇನು ಬರವೆ? ದಖನಿಯವರು ಗೋಲ್‌ಮೋಲ್ ಅನ್ನುತ್ತಾರೆ, ಮರಾಠಿಯವರು ಮೋಘಮ್ ಅನ್ನುತ್ತಾರೆ, ನಾವು ಅಡ್ಡಗೋಡೆ ಮೇಲೆ ದೀಪ ಇಟ್ಟಂಗ ಅನ್ನುತ್ತೇವೆ. ಆದರೆ ದೀಪದ ಮಾತೆತ್ತಿದರೆ ಇಟ್ಟವರು ಯಾರು ಎಂದು ಜನ ತಿರುಗಿ ನೋಡುತ್ತಾರೆ. ಇಂಗ್ಲಿಷ್ ಪದಕ್ಕೆ ಆ ಕಾಟವಿಲ್ಲ. ಯಾವ ಸಾಲು ಅಸ್ಪಷ್ಟ, ಯಾರಿಗೆ ಅಸ್ಪಷ್ಟ, ಏನು ಸೇರಿಸಿದರೆ ಸ್ಪಷ್ಟ, ಒಂದನ್ನೂ ಹೇಳದೆ ಷರಾ ಮುಗಿಸಬಹುದು.

ಹಾಗೆ ನೋಡಿದರೆ ಗೊಂದಲ ನಮಗೆ ಹೊಸದಲ್ಲ. 1956ರಲ್ಲಿ ಭಾಷೆ ನೋಡಿ ಗೆರೆ ಎಳೆದಾಗ ಬೀದರ್ ಜಿಲ್ಲೆಯ ನಿಲಂಗಾ, ಉದಗೀರ ಆಚೆ ಹೋದವು, ಭಾಲ್ಕಿ, ಔರಾದ ಈಚೆ ಉಳಿದವು. ಆಚೆ ಔರಾದ ಶಾಹಜಾನಿ, ಈಚೆ ಔರಾದ (ಬಿ). ಆದರೂ ಟಪಾಲು ಮುಟ್ಟುತ್ತದೆ, ಬೀಗರು ಮುಟ್ಟುತ್ತಾರೆ. ಕಚೇರಿಯ ಮೆಟ್ಟಿಲು ಹತ್ತಿದ ಮೇಲಷ್ಟೇ ದಾರಿ ತಪ್ಪುವುದು.

ವೇಗದ ವಿಷಯಕ್ಕೆ ಬಂದರೂ ನಾವೇನು ಹಿಂದಿಲ್ಲ. 2012ರ ಮಾರ್ಚಿನಲ್ಲಿ ಸರಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ವನ್ನು ಪ್ರಯೋಗಕ್ಕೆ ಇಳಿಸಿದ ನಾಲ್ಕೇ ತಾಲೂಕುಗಳಲ್ಲಿ ಧಾರವಾಡ, ಚಿತ್ರದುರ್ಗ, ಪುತ್ತೂರುಗಳ ಜೊತೆ ಔರಾದವೂ ಇತ್ತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಬೆರಳು ಮಡಚಿ ಎಣಿಸಿ: 25 ದಿನಕ್ಕೆ ಮೀಟರ್ ನಿಂತಿತು, 26ನೇ ದಿನದಿಂದ ವಿಳಂಬ ಪುಕ್ಕಟೆ! ಅದಕ್ಕಿಂತ ಸಲೀಸಾದ ಹಾದಿಯೂ ಉಂಟು. ಕಾರಣ ಬರೆದು ಅರ್ಜಿ ತಿರಸ್ಕರಿಸಿದರೂ ಗಡುವಿನೊಳಗೆ ವಿಲೇವಾರಿ ಆದಂತೆಯೇ. ಒಂದು ಪದದ ಕಾರಣ ಬರೆಯಲು ಎಷ್ಟು ಹೊತ್ತು ಬೇಕು? ವೇಗ್ ಎಂದು ಬರೆದರೆ ವೇಗವಾಗಿಯೇ ಮುಗಿಯಿತು. ಕಾಕಾ ಚಹಾ ಕುಡಿಸಿದ್ದು ಪೂರಾ ದಂಡವಲ್ಲ.

ಎರಡನೇ ಅರ್ಜಿ ನಾನೇ ಕೂತು ಬರೆದೆ. ನಾಲ್ಕೂ ದಿಕ್ಕಿನ ಚಕ್ಕುಬಂದಿ, ಮೂಡಣಕ್ಕಿರುವ ಬೇವಿನ ಗಿಡ, ಬಾವಿಯಿಂದ ಬದುವಿಗೆ ಎಷ್ಟು ಹೆಜ್ಜೆ, ಎಲ್ಲ ಹಾಕಿದೆ. ಹೋದ ವಾರ ಉತ್ತರ ಬಂತು. ಕಾಕಾನಿಗೆ ಓದಿ ಹೇಳಿದೆ: ‘ಪರಿಶೀಲಿಸಿ ಶೀಘ್ರದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’

“ಯಾರ್ ಬರ್ತಾರಂತ?”

“ಬರೆದಿಲ್ಲ ಕಾಕಾ.”

“ಯಾವತ್ತ?”

“ಬರೆದಿಲ್ಲ.”

“ಬಂದು ಏನ್ ಮಾಡ್ತಾರ?”

“ಅದನ್ನೂ ಬರೆದಿಲ್ಲ.”

ಕಾಕಾ ಕಾಗದವನ್ನು ತಿರುವಿ ಮುರುವಿ ನೋಡಿ, ತೊಡೆಯ ಮೇಲೆ ಹರವಿಕೊಂಡು ಕೇಳಿದರು:

“ತಮ್ಮಾ, ನಿನ್ನ ಬಲ್ಲಿ ಕೆಂಪು ಪೆನ್ ಅದೇನು?”